ನೆಡುವುದು ಒಂದು ದಿನ, ಉಳಿಸುವುದು ಮೂರು ಬೇಸಿಗೆ



ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆಯ ಹೊತ್ತಿಗೆ, ನಿಮ್ಮ ಕೊಟ್ಟಿಗೆಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಶೀಟಿನ ಕೆಳಗೆ ಕಟ್ಟಿದ ಮಿಶ್ರತಳಿ ಹಸು ಮಲಗದೆ ನಿಂತೇ ಇರುತ್ತದೆ. ಗೋದಲಿಗೆ ಹಾಕಿದ ಮೇವು ಅರ್ಧಕ್ಕರ್ಧ ಹಾಗೇ ಉಳಿದಿರುತ್ತದೆ. ಮೆಲುಕು ನಿಂತಿರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತಿರುತ್ತದೆ. ಈಗ ಗಡಿಯಾರ ಹಿಡಿದು ಅದರ ಪಕ್ಕೆ ಒಂದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ. ಆರಾಮವಾಗಿರುವ ಹಸು ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ನಿಮ್ಮ ಎಣಿಕೆ 60 ದಾಟಿದರೆ, ಆ ಹಸು ಸೆಕೆಯನ್ನು ತಡೆಯಲಾರದೆ ಒದ್ದಾಡುತ್ತಿದೆ ಎಂದೇ ಅರ್ಥ.

ಅದರ ಫಲ ಸಂಜೆ ಡೈರಿಯಲ್ಲಿ ಕಾಣುತ್ತದೆ. ಹಾಲು ಕಡಿಮೆ, ಜಿಡ್ಡೂ ಕಡಿಮೆ. ಹಸು ಬೆದೆಗೆ ಬಂದರೂ ಗೊತ್ತಾಗುವುದಿಲ್ಲ, ಗೊತ್ತಾಗಿ ಚುಚ್ಚುಮದ್ದು ಕೊಡಿಸಿದರೂ ಗಬ್ಬ ನಿಲ್ಲುವುದಿಲ್ಲ. ಎಚ್‌ಎಫ್ ರಕ್ತದ ಹಸುವಿಗೆ ಬಿಸಿಲು 25 ಡಿಗ್ರಿ ದಾಟಿದರೆ ಸಾಕು, ಕಷ್ಟ ಶುರುವಾಗುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆ 35 ದಾಟುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ.

ಈ ಕಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಪರಿಹಾರ ಮರ. ದನ ಕಟ್ಟುವುದು ಹೊಂಗೆಯ ಕೆಳಗೆ, ಮಧ್ಯಾಹ್ನ ದನ ತರುಬುವುದು ಊರ ಗುಂಡುತೋಪಿನಲ್ಲಿ. ತೋಪುಗಳು ಕರಗಿದವು, ಬದುವಿನ ಮರಗಳು ಮನೆ ಕಟ್ಟುವಾಗ, ಮದುವೆ ಮಾಡುವಾಗ ಒಂದೊಂದಾಗಿ ಹೋದವು. ಹಸು ಮಾತ್ರ ದೊಡ್ಡದಾಯಿತು, ಹೆಚ್ಚು ಹಾಲು ಕೊಡುವ ತಳಿಯಾಯಿತು, ಬಿಸಿಲಿಗೆ ಮೆತ್ತಗಾಯಿತು. ಹೀಗಾಗಿ ಈ ಸಲದ ಲೇಖನ ಮರದ ಬಗ್ಗೆ. ಅದರಲ್ಲೂ ಮನೆಯವರೆಲ್ಲ ಸೇರಿ ಬೆಳೆಸುವ ಮರದ ಬಗ್ಗೆ.

ಹೋದ ವರ್ಷ ನೆಟ್ಟ ಗಿಡ ಎಲ್ಲಿದೆ?

ಜೂನ್ 5 ವಿಶ್ವ ಪರಿಸರ ದಿನ. ಜುಲೈ ಮೊದಲ ವಾರ ವನಮಹೋತ್ಸವ. ಕೇಂದ್ರದಲ್ಲಿ ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಶಿಯವರು 1950ರಲ್ಲಿ ಆರಂಭಿಸಿದ ಹಬ್ಬ ಅದು. ಅಂದಿನಿಂದ ಇಂದಿನವರೆಗೆ ನಾವು ನೆಟ್ಟ ಗಿಡಗಳೆಲ್ಲ ಉಳಿದಿದ್ದರೆ ನಮ್ಮ ಊರುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಉಳಿಯಲಿಲ್ಲ ಏಕೆ?

ನಿಮ್ಮ ಹೊಲದಲ್ಲೇ ನೋಡಿ. ಮಳೆ ಬಂದಾಗ ಉತ್ಸಾಹದಿಂದ ನೆಟ್ಟ ಸಸಿ ದೀಪಾವಳಿವರೆಗೆ ಚೆನ್ನಾಗಿಯೇ ಇತ್ತು. ಒಂದು ದಿನ ಹಗ್ಗ ಕಿತ್ತುಕೊಂಡ ಕರು ಅದರ ಕುಡಿ ಮೇಯ್ದಿತು. ಉಳಿದದ್ದನ್ನು ಯಾರದೋ ಮೇಕೆ ಮುಗಿಸಿತು. ಅದೂ ಆಗಲಿಲ್ಲವೆಂದರೆ ಫೆಬ್ರವರಿಯಲ್ಲಿ ನೀರಿಲ್ಲದೆ ಒಣಗಿತು. ‘ನೀರು ನೀನು ಹಾಕ್ತೀಯ ಅಂದ್ಕೊಂಡೆ’ ಎಂದು ಒಬ್ಬರು, ‘ನಿಮ್ಮ ಪಾಲಿಗೆ ಬಿಟ್ಟಿದ್ದೆ’ ಎಂದು ಇನ್ನೊಬ್ಬರು. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಇನ್ನೊಂದು ಸಸಿ.

ಎಲ್ಲರ ಗಿಡ ಯಾರ ಗಿಡವೂ ಅಲ್ಲ ಎಂಬುದೇ ಇಲ್ಲಿನ ತೊಂದರೆ. ಹಸುವಿನ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಯಾರು ಹಾಲು ಕರೆಯಬೇಕು, ಯಾರು ಡೈರಿಗೆ ಹಾಕಿ ಬರಬೇಕು, ಯಾರು ಮೇವು ತರಬೇಕು ಎಂಬುದು ಮನೆಯಲ್ಲಿ ತೀರ್ಮಾನವಾಗಿರುತ್ತದೆ. ಮದುವೆ ಮನೆಗೆ ಹೋದರೂ ಆ ಕೆಲಸ ತಪ್ಪುವುದಿಲ್ಲ. ಗಿಡಕ್ಕೂ ಅದೇ ಶಿಸ್ತು ಮೂರು ಬೇಸಿಗೆ ಸಿಕ್ಕರೆ ಸಾಕು. ಆಮೇಲೆ ಅದು ನಿಮ್ಮನ್ನು ಏನೂ ಕೇಳುವುದಿಲ್ಲ.

ಹುಲಿಕಲ್ಲಿನ ದಂಪತಿ ಮಾಡಿದ್ದು

ಸಾಲುಮರದ ತಿಮ್ಮಕ್ಕನವರ ಹೆಸರು ನಿಮಗೆಲ್ಲ ಗೊತ್ತು. 2019ರಲ್ಲಿ ಪದ್ಮಶ್ರೀ ಪಡೆದವರು. 2025ರ ನವೆಂಬರ್‌ನಲ್ಲಿ ನಮ್ಮನ್ನು ಅಗಲಿದರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಅವರು ಬೆಳೆಸಿದ ನೂರಾರು ಆಲದ ಮರಗಳು ಇಂದಿಗೂ ನೆರಳು ಕೊಡುತ್ತಿವೆ. ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ ನಾವು ಮರೆಯುವ ಎರಡು ಸಂಗತಿಗಳಿವೆ.

ಒಂದು, ಅದು ಒಬ್ಬರ ಕೆಲಸವಲ್ಲ. ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ, ಚಿಕ್ಕಯ್ಯ ಮತ್ತು ತಿಮ್ಮಕ್ಕ, ಸೇರಿ ಮಾಡಿದ್ದು. ಎರಡು, ಅವರು ಒಂದೇ ಸಲಕ್ಕೆ ನೂರು ಗಿಡ ನೆಡಲಿಲ್ಲ. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಸಾಕಲು ಆಗುವಷ್ಟನ್ನೇ ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು. ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ನೆಟ್ಟ ದಿನಕ್ಕಿಂತ ನೀರು ಹೊತ್ತ ದಿನಗಳೇ ಆ ಸಾಲುಮರಗಳನ್ನು ಮಾಡಿದ್ದು.

ಮಳೆಗಾಲದಲ್ಲಿ ‘ಎಷ್ಟು ಗಿಡ ನೆಡೋಣ’ ಎಂದು ಕೇಳುವ ಬದಲು ‘ಮಾರ್ಚ್ ತಿಂಗಳಲ್ಲಿ ನಮ್ಮ ಮನೆಯಿಂದ ಎಷ್ಟು ಗಿಡಕ್ಕೆ ನೀರು ಹಾಕಲು ಆಗುತ್ತದೆ’ ಎಂದು ಕೇಳಿಕೊಳ್ಳಿ. ಆ ಉತ್ತರವೇ ನಿಮ್ಮ ಸಂಖ್ಯೆ.

ಕೊಟ್ಟಿಗೆಯ ನೆರಳಿಗೆ ಯಾವ ಮರ?

ನೆರಳಿನ ಮರವನ್ನು ಆರಿಸುವಾಗ ಒಂದೇ ಪರೀಕ್ಷೆ ಸಾಕು: ಏಪ್ರಿಲ್–ಮೇ ತಿಂಗಳಲ್ಲಿ ಅದರ ಮೈತುಂಬ ಎಲೆ ಇರುತ್ತದೆಯೇ? ತೇಗ ಆ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತದೆ. ಬೆಲೆ ಬಾಳುವ ಮರವೆಂದು ತೇಗವನ್ನು ಕೊಟ್ಟಿಗೆಯ ಪಕ್ಕ ನೆಟ್ಟರೆ ಬೇಕಾದಾಗ ನೆರಳು ಸಿಗುವುದಿಲ್ಲ.

ಹೊಂಗೆ ಈ ಪರೀಕ್ಷೆಯಲ್ಲಿ ಮೊದಲು ಪಾಸಾಗುತ್ತದೆ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸಿದರೂ ಯುಗಾದಿಯ ಹೊತ್ತಿಗೆ ಹೊಸ ಚಿಗುರು ತುಂಬಿಕೊಳ್ಳುತ್ತದೆ. ದನ ಅದರ ಎಲೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ, ಹೀಗಾಗಿ ಉಳಿಸುವುದೂ ಸುಲಭ. ಬೇರಿನಲ್ಲಿ ಸಾರಜನಕ ಹಿಡಿದಿಡುವ ಜಾತಿ. ಬೀಜಕ್ಕೆ ಬೆಲೆ ಇದೆ, ಹಿಂಡಿ ಹೊಲಕ್ಕೆ ಗೊಬ್ಬರ. ಬೇವು ಕೂಡ ಒಣಭೂಮಿಗೆ ಹೇಳಿ ಮಾಡಿಸಿದ್ದು. ನೀರಿನ ಅನುಕೂಲವಿದ್ದರೆ ನೇರಳೆ, ಮಾವು, ಹಲಸು ವರ್ಷವಿಡೀ ಹಸಿರು.

ಮಾವು, ಹಲಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ದನ ಕಟ್ಟುವ ಜಾಗದ ಮೇಲೆಯೇ ಇವು ಬೇಡ. ಬಿದ್ದ ಹಲಸಿನ ಹಣ್ಣನ್ನು ಹಸು ಹೊಟ್ಟೆ ಬಿರಿಯೆ ತಿಂದರೆ ಹೊಟ್ಟೆ ಉಬ್ಬರ, ಅಜೀರ್ಣವಾಗಿ ಪ್ರಾಣಕ್ಕೇ ಬರಬಹುದು. ಮಾವಿನ ಕಾಯಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇವನ್ನು ಹಗ್ಗ ಎಟುಕದ ದೂರದಲ್ಲಿ ನೆಡಿ.

ಎಲ್ಲಿ ನೆಡಬೇಕು? ಮೊದಲ ಆದ್ಯತೆ ಕೊಟ್ಟಿಗೆಯ ಪಶ್ಚಿಮ ದಿಕ್ಕಿಗೆ. ಮಧ್ಯಾಹ್ನ ಮೂರರ ಇಳಿಬಿಸಿಲು ಒಳಗೆ ನುಗ್ಗುವುದು ಆ ಕಡೆಯಿಂದ. ಗೋಡೆಯಿಂದ 10–12 ಅಡಿ ದೂರವಿರಲಿ, ಇಲ್ಲವಾದರೆ ಬೇರು ತಳಪಾಯಕ್ಕೆ ತೊಂದರೆ ಕೊಡುತ್ತದೆ. ಮರ ಬೆಳೆದಂತೆ ಕೆಳಗಿನ ಕೊಂಬೆಗಳನ್ನು ಸವರಿ ಆಳೆತ್ತರ ತೆರವು ಮಾಡಿ. ನೆರಳಿದ್ದು ಗಾಳಿ ಆಡದಿದ್ದರೆ ಕೊಟ್ಟಿಗೆ ಬೇಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಮಾತ್ರ ಯಾವ ಮರವೂ ಬೇಡ.

ಮೇವಿನ ಮರಗಳು ಮೊದಲ ವರ್ಷವೇ ಕೈ ಹಿಡಿಯುತ್ತವೆ

ನೆರಳಿನ ಮರ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಅಷ್ಟು ದಿನ ಮನೆಮಂದಿಯ ಉತ್ಸಾಹ ಉಳಿಯಬೇಕಾದರೆ ಬೇಗ ಏನಾದರೂ ಕೈಗೆ ಬರಬೇಕು. ಅದಕ್ಕೇ ನೆರಳಿನ ಮರದ ಜೊತೆಗೆ ಮೇವಿನ ಮರವನ್ನೂ ಹಾಕಿ.

ಅಗಸೆ: ಎಣ್ಣೆಕಾಳಿನ ಅಗಸೆಯಲ್ಲ, ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸುವ ಅಗಸೆ ಮರ, ಕೆಲವೆಡೆ ಚೊಗಚೆ ಎನ್ನುತ್ತಾರೆ. ಬೀಜವನ್ನು ನೇರವಾಗಿ ಮಳೆಗೆ ಊರಿದರೆ ಸಾಕು, ವರ್ಷದೊಳಗೆ ಸೊಪ್ಪು ಕೊಡುತ್ತದೆ. ಹಸು, ಕರು, ಮೇಕೆ ಎಲ್ಲಕ್ಕೂ ಇಷ್ಟ. ಆದರೆ ಬುಡಮಟ್ಟ ಕಡಿದರೆ ಸಾಯುತ್ತದೆ. ಕಾಂಡವನ್ನು ಎದೆಯೆತ್ತರಕ್ಕಿಂತ ಮೇಲೆ ಬಿಟ್ಟು, ಪಕ್ಕದ ರೆಂಬೆಗಳನ್ನು ಮಾತ್ರ ಕೊಯ್ಯಿರಿ.

ಗ್ಲಿರಿಸಿಡಿಯಾ: ನಮ್ಮಲ್ಲಿ ಗೊಬ್ಬರದ ಗಿಡ ಎಂದೇ ಹೆಸರು. ಮೂರು ನಾಲ್ಕು ಅಡಿ ಉದ್ದದ ಬಲಿತ ಕಡ್ಡಿಯನ್ನು ಮಳೆ ಹಿಡಿದಾಗ ಒಂದಡಿ ಆಳಕ್ಕೆ ನೆಟ್ಟರೆ ಬದುವಿಗೆ ಜೀವಂತ ಬೇಲಿಯಾಗುತ್ತದೆ. ಒಂದು ವರ್ಷದ ಮೇಲೆ ಕೊಯ್ಲು ಶುರು ಮಾಡಬಹುದು. ವಾಸನೆಗೆ ಹಸು ಮೊದಮೊದಲು ಮೂಗು ಮುರಿಯುತ್ತದೆ. ಹಿಂದಿನ ಸಂಜೆ ಕೊಯ್ದು ಬಾಡಿಸಿ, ರಾಗಿ ಹುಲ್ಲಿನ ಜೊತೆ ಸ್ವಲ್ಪಸ್ವಲ್ಪ ಬೆರೆಸಿ ಕೊಟ್ಟರೆ ಅಭ್ಯಾಸವಾಗುತ್ತದೆ.

ನುಗ್ಗೆ: ಕಾಯಿ ಮನೆಗೆ, ಸೊಪ್ಪು ಮನೆಗೂ ಹಸುವಿಗೂ. ಬಚ್ಚಲ ನೀರು ಹರಿಯುವಲ್ಲಿ ಒಂದೆರಡು ಗಿಡ ಇದ್ದೇ ಇರಲಿ.

ಸುಬಾಬುಲ್: ಪೌಷ್ಟಿಕ ಮೇವು, ಆದರೆ ಇದರಲ್ಲಿ ಮೈಮೋಸಿನ್ ಎಂಬ ವಿಷಕಾರಿ ಅಂಶವಿದೆ. ಅತಿಯಾದರೆ ಕೂದಲು ಉದುರುತ್ತದೆ, ಥೈರಾಯ್ಡ್ ಗ್ರಂಥಿಗೆ ತೊಂದರೆಯಾಗುತ್ತದೆ. ಬೀಜ ಸಿಡಿದು ಹೊಲ ತುಂಬ ಹಬ್ಬುತ್ತದೆ. ಹೂ ಬಿಡುವ ಮೊದಲೇ ಕೊಯ್ಯುತ್ತಿದ್ದರೆ ಮಾತ್ರ ಹಾಕಿ.

ಈ ಸೊಪ್ಪುಗಳ ಒಣತೂಕದಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಪ್ರೋಟೀನ್ ಇರುತ್ತದೆ. ಸರಿಸುಮಾರು ಲೆಕ್ಕ ಹಾಕಿದರೆ ಐದು ಕಿಲೋ ಹಸಿ ಅಗಸೆ ಸೊಪ್ಪಿನಲ್ಲಿ ಒಂದು ಕಿಲೋ ಪಶು ಆಹಾರದಲ್ಲಿರುವಷ್ಟು ಪ್ರೋಟೀನ್ ಸಿಗುತ್ತದೆ. ಇದು ಪ್ರೋಟೀನಿನ ಲೆಕ್ಕ ಮಾತ್ರ. ಶಕ್ತಿಗೆ, ಖನಿಜಕ್ಕೆ ಪಶು ಆಹಾರ ಮತ್ತು ಖನಿಜ ಮಿಶ್ರಣ ಬೇಕೇ ಬೇಕು. ಸೊಪ್ಪಿದೆ ಎಂದು ಪಶು ಆಹಾರವನ್ನು ಪೂರ್ತಿ ನಿಲ್ಲಿಸಬೇಡಿ.

ಮರದ ಸೊಪ್ಪು ಒಟ್ಟು ಹಸಿರು ಮೇವಿನ ಮೂರನೇ ಒಂದು ಭಾಗ ಮೀರದಿರಲಿ. ಹೊಸದಾಗಿ ಕೊಡುವಾಗ ದಿನಕ್ಕೆ ಒಂದು ಹಿಡಿಯಿಂದ ಶುರು ಮಾಡಿ, ಎರಡು ವಾರದಲ್ಲಿ ಹೆಚ್ಚಿಸಿ. ವಾಸನೆಯ ಸೊಪ್ಪನ್ನು ಹಾಲು ಕರೆದ ಮೇಲೆ ಕೊಡಿ. ಕರೆಯುವ ಮುಂಚೆ ಕೊಟ್ಟರೆ ಹಾಲಿಗೆ ವಾಸನೆ ಹಿಡಿಯಬಹುದು. ಬೇಲಿಗೆಂದು ಕಣಗಿಲೆ ಮಾತ್ರ ನೆಡಬೇಡಿ, ಅದರ ಎಲೆ ರಾಸುಗಳಿಗೆ ಕಡು ವಿಷ. ಲಂಟಾನ ಬೆಳೆದಿದ್ದರೆ ಕಿತ್ತು ಹಾಕಿ.

ಎರಡು ಹಸುವಿನ ಮನೆಗೆ ಒಂದು ಲೆಕ್ಕ

ಎರಡು ಹಸು, ಒಂದು ಕರು, ಎರಡು ಎಕರೆ ಹೊಲವಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ನಮ್ಮ ಬಹಳಷ್ಟು ಉತ್ಪಾದಕರ ಮನೆ ಹೀಗೇ ಇದೆ. ಆ ಮನೆಗೆ ಮೊದಲ ವರ್ಷ ಇಷ್ಟು ಸಾಕು:

ಕೊಟ್ಟಿಗೆಯ ಪಶ್ಚಿಮಕ್ಕೆ ಎರಡು ಹೊಂಗೆ, ಒಂದು ಬೇವು. ತಿಪ್ಪೆಯ ಹತ್ತಿರ ಒಂದು ಹಲಸು. ಬಚ್ಚಲ ನೀರಿಗೆ ಎರಡು ನುಗ್ಗೆ. ಒಟ್ಟು ಆರು ಗಿಡ. ಹೊಲದ ಒಂದು ಬದುವಿನಲ್ಲಿ ಮೂರಡಿಗೊಂದರಂತೆ ಗ್ಲಿರಿಸಿಡಿಯಾ ಕಡ್ಡಿ. ಎರಡು ಎಕರೆಯ ಚೌಕ ಹೊಲದ ಒಂದು ಬದಿಗೆ ಸುಮಾರು ನೂರು ಕಡ್ಡಿ ಬೇಕಾಗುತ್ತದೆ. ಮೇವಿನ ಬೆಳೆಗೆ ನೀರು ಹಾಯುವ ಕಾಲುವೆಯ ಅಂಚಿನಲ್ಲಿ ಇಪ್ಪತ್ತು ಅಗಸೆ.

ಬೇಸಿಗೆಯಲ್ಲಿ ಕೈಯಾರೆ ನೀರು ಹಾಕಬೇಕಾದದ್ದು ಆ ಆರು ಗಿಡಕ್ಕೆ. ವಾರಕ್ಕೆ ಎರಡು ಸಲ, ಗಿಡಕ್ಕೆ ಒಂದು ಬಿಂದಿಗೆ. ಅಂದರೆ ಒಂದು ಸರದಿಗೆ ಆರು ಬಿಂದಿಗೆ. ಹಾಲು ಕೊಡುವ ಒಂದು ಹಸು ಬೇಸಿಗೆಯ ಒಂದೇ ದಿನದಲ್ಲಿ ಹೆಚ್ಚೂಕಡಿಮೆ ಅಷ್ಟು ನೀರು ಕುಡಿಯುತ್ತದೆ. ಇದು ಆಗದ ಕೆಲಸವೇನಲ್ಲ.

ಬದುವಿನಲ್ಲಿ ನೆಡುವ ಮುಂಚೆ ಪಕ್ಕದ ಹೊಲದವರ ಜೊತೆ ಒಂದು ಮಾತು ಆಡಿ. ಮರದ ನೆರಳು ತಮ್ಮ ರಾಗಿಯ ಮೇಲೆ ಬಿತ್ತೆಂದು ಅಣ್ಣತಮ್ಮಂದಿರೇ ಮಾತು ಬಿಟ್ಟದ್ದುಂಟು. ನಿಮ್ಮ ಕಡೆಗೆ ಒಂದು ಮಾರು ಒಳಗೆ ಸರಿದು ನೆಡಿ, ವರ್ಷಕ್ಕೊಮ್ಮೆ ಸವರಿ. ದೊಡ್ಡ ಮರವಾಗುವ ಜಾತಿಯನ್ನು ಬದುವಿಗೆ ಹಾಕದೆ ಮನೆಯ ಬಳಿಗೆ ಇಟ್ಟುಕೊಳ್ಳಿ.

ಗುಂಡಿ, ಗೊಬ್ಬರ, ಮುಳ್ಳು, ನೀರು

ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ಗುಂಡಿ ತೋಡಿ. ದೊಡ್ಡ ಮರಕ್ಕೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ಹಾಕಿ, ಗುಂಡಿಯನ್ನು ಎರಡು ಮೂರು ವಾರ ಬಿಸಿಲಿಗೆ ಬಿಡಿ. ತುಂಬುವಾಗ ಮೇಲ್ಮಣ್ಣಿಗೆ ಎರಡು ಬುಟ್ಟಿ ಕೊಳೆತ ತಿಪ್ಪೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕಬೇಡಿ, ಗೆದ್ದಲು ಬರುತ್ತದೆ.

ಮೃಗಶಿರಾ, ಆರಿದ್ರಾ, ಪುನರ್ವಸು ಮಳೆಗಳಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ನೆಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಮಳೆ ಹಿಂದಕ್ಕೆ ಬರುವುದರಿಂದ ಮಘೆ, ಹುಬ್ಬೆಯವರೆಗೂ ಕಾಯಬಹುದು. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ, ಮಣ್ಣಿನ ಹೆಂಟೆ ಒಡೆಯದಿರಲಿ. ಚೀಲವನ್ನು ಗುಂಡಿಯಲ್ಲಿ ಬಿಡಬೇಡಿ, ಹೊಲದಲ್ಲಿ ಎಸೆಯಲೂ ಬೇಡಿ. ನಿಮ್ಮ ಹಸುವೇ ಅದನ್ನು ತಿಂದೀತು.

ನೆಟ್ಟ ದಿನವೇ ಮುಳ್ಳು ಕಟ್ಟಿ. ‘ನಾಳೆ ಕಟ್ಟೋಣ’ ಎಂದ ಗಿಡ ಉಳಿಯುವುದು ಕಷ್ಟ. ಜಾಲಿಮುಳ್ಳನ್ನು ಸುತ್ತ ಒತ್ತಾಗಿ ಹೂತು, ಆಳೆತ್ತರಕ್ಕೆ ಕಟ್ಟಿ. ಕೊಂಬೆಗಳು ಹಸುವಿನ ಬಾಯಿಗೆ ಎಟುಕದಷ್ಟು ಮೇಲೇರುವವರೆಗೆ ಪ್ರತಿ ವರ್ಷ ಹೊಸ ಮುಳ್ಳು ಬೇಕು.

ಮಳೆ ನಿಂತ ಮೇಲೆ ಬುಡಕ್ಕೆ ಪಾತಿ ಮಾಡಿ, ಗೋದಲಿಯಲ್ಲಿ ಉಳಿದ ಹುಲ್ಲು, ಜೋಳದ ದಂಟಿನ ಚೂರನ್ನು ಹೊದಿಸಿ. ಕಾಂಡಕ್ಕೆ ತಗುಲದಂತೆ ನಾಲ್ಕು ಬೆರಳು ಜಾಗ ಬಿಡಿ. ತಳದಲ್ಲಿ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ತೂರಿಸಿದ ಹಳೇ ಮಡಕೆಯನ್ನು ಬುಡದ ಪಕ್ಕ ಹೂತು, ನೀರು ತುಂಬಿ ಮುಚ್ಚಿಟ್ಟರೆ ತೇವ ನಿಧಾನವಾಗಿ ಬೇರಿಗೆ ಇಳಿಯುತ್ತದೆ. ಕೊಟ್ಟಿಗೆ ತೊಳೆದ ನೀರನ್ನು ಕಾಲುವೆ ಮಾಡಿ ದೊಡ್ಡ ಗಿಡಗಳಿಗೆ ಹರಿಸಿ. ಎಳೆ ಸಸಿಗೆ ಮಾತ್ರ ಗಂಜಲ ನೇರವಾಗಿ ತಾಗಬಾರದು, ಸುಟ್ಟುಹೋಗುತ್ತದೆ. ಧಾರಾಳವಾಗಿ ನೀರು ಬೆರೆಸಿ ಹಾಕಿ.

ಮನೆಯಲ್ಲಿ ಯಾರು ಏನು ಮಾಡಬೇಕು?

ನಮ್ಮ ಲೇಖನದ ಮುಖ್ಯ ಮಾತು ಇಲ್ಲಿದೆ. ಮನೆಮಂದಿ ಸೇರಿ ಗಿಡ ಬೆಳೆಸುವುದೆಂದರೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವುದಲ್ಲ. ಒಬ್ಬೊಬ್ಬರಿಗೂ ಹೆಸರಿಟ್ಟು ಒಂದೊಂದು ಕೆಲಸ ಒಪ್ಪಿಸುವುದು.

ಅಜ್ಜ, ಅಜ್ಜಿಗೆ ಜಾಗ ಆರಿಸುವ ಕೆಲಸ. ಯಾವ ಕಡೆಯಿಂದ ಗಾಳಿ ಬೀಸುತ್ತದೆ, ಮಳೆಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಹಿಂದೆ ಎಲ್ಲಿ ಮರವಿತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ. ಹಗಲು ಮನೆಯಲ್ಲಿ ಇರುವವರೂ ಅವರೇ, ಹೀಗಾಗಿ ಮೇಕೆ ಬಂದರೆ ಕೂಗಿ ಓಡಿಸುವವರೂ ಅವರೇ.

ಗಂಡಸರಿಗೆ ಗುಂಡಿ, ಮುಳ್ಳು, ಸವರುವ ಕೆಲಸ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಗೌರಿ ಹಬ್ಬಕ್ಕೆ ಬಂದಾಗ ಸತ್ತ ಗಿಡದ ಜಾಗಕ್ಕೆ ಹೊಸದು ನೆಡಲಿ, ಸಂಕ್ರಾಂತಿಗೆ ಬಂದಾಗ ಮುಳ್ಳು ಸರಿಮಾಡಿ ಹೋಗಲಿ.

ಶಾಲೆಗೆ ಹೋಗುವ ಮಕ್ಕಳಿಗೆ ಲೆಕ್ಕದ ಕೆಲಸ. ಹಾಲಿನ ಪಾಸ್‌ಪುಸ್ತಕದಂತೆ ಗಿಡಕ್ಕೂ ಒಂದು ನೋಟ್‌ಬುಕ್ ಇರಲಿ. ತಿಂಗಳ ಮೊದಲ ಭಾನುವಾರ ಪ್ರತಿ ಗಿಡದ ಎತ್ತರ ಅಳೆದು ಬರೆಯಲಿ. ನೀರು ಹಾಕಿದ ದಿನಕ್ಕೆ ಗುರುತು ಹಾಕಲಿ. ಒಂದೊಂದು ಗಿಡ ಒಂದೊಂದು ಮಗುವಿನ ಹೆಸರಿನಲ್ಲಿರಲಿ. ‘ಅಪ್ಪ, ನನ್ನ ಹೊಂಗೆಗೆ ನೀರು ಹಾಕಿ ಒಂದು ವಾರ ಆಯ್ತು’ ಎಂದು ಮಗಳು ನೆನಪಿಸಿದರೆ ಹಾಕದೆ ಇರುವ ಅಪ್ಪ ಯಾರಿದ್ದಾರೆ?

ಇನ್ನು ಮನೆಯ ಹೆಣ್ಣುಮಕ್ಕಳು. ಸಗಣಿ ಬಾಚುವುದು, ಹಾಲು ಕರೆಯುವುದು, ಮೇವು ಹೊರುವುದು, ಅಡುಗೆ, ಮಕ್ಕಳು, ಇಷ್ಟೂ ಈಗಾಗಲೇ ಅವರ ತಲೆಯ ಮೇಲಿದೆ. ‘ಮನೆಯವರೆಲ್ಲ’ ಎಂದು ಹೇಳಿ ಕೊನೆಗೆ ಗಿಡದ ನೀರನ್ನೂ ಅವರ ಮೇಲೆಯೇ ಹಾಕಿದರೆ ಈ ಕೆಲಸ ಮೊದಲ ಬೇಸಿಗೆಯಲ್ಲೇ ಬಿದ್ದುಹೋಗುತ್ತದೆ. ನೀರಿನ ಸರದಿ ಗಂಡಸರ, ದೊಡ್ಡ ಮಕ್ಕಳ ಹೆಸರಿನಲ್ಲಿರಲಿ. ಆದರೆ ಯಾವ ಮೇವಿನ ಮರ, ಎಲ್ಲಿ ಎಂಬ ತೀರ್ಮಾನದಲ್ಲಿ ಅವರ ಮಾತೇ ನಡೆಯಲಿ. ದಿನಾ ಮೇವು ಹೊರುವವರಿಗೆ ಗೊತ್ತು, ಕೊಟ್ಟಿಗೆಯಿಂದ ಐವತ್ತು ಹೆಜ್ಜೆಯಲ್ಲಿ ಸೊಪ್ಪು ಸಿಗುವುದಕ್ಕೂ ಅರ್ಧ ಮೈಲಿಯಿಂದ ಹೊರೆ ತರುವುದಕ್ಕೂ ಇರುವ ವ್ಯತ್ಯಾಸ. ಮರ ಅವರ ಹೊರೆಯನ್ನು ಇಳಿಸಬೇಕು, ಏರಿಸಬಾರದು.

ಈ ಕೆಲಸವನ್ನು ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ಗಂಟು ಹಾಕಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರು ಕ್ಯಾನನ್ನು ಸೋಪು ಹಾಕುವ ಮುಂಚೆ ಗಲಬರಿಸಿದ ನೀರನ್ನು ನುಗ್ಗೆಯ ಬುಡಕ್ಕೆ ಚೆಲ್ಲಲಿ. ಸೋಮವಾರ, ಗುರುವಾರ ಗಿಡದ ನೀರಿನ ದಿನ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸಸಿ ಎಲ್ಲಿ ಸಿಗುತ್ತದೆ?

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರೈತರಿಗೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ. ‘ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ’ ಎಂಬ ರಾಜ್ಯ ಸರ್ಕಾರದ ಯೋಜನೆಯಲ್ಲಿ ಹೆಸರು ನೋಂದಾಯಿಸಿಕೊಂಡರೆ, ಬದುಕುಳಿದ ಗಿಡಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ಗಮನಿಸಿ, ನೆಟ್ಟ ಗಿಡಕ್ಕಲ್ಲ, ಉಳಿದ ಗಿಡಕ್ಕೆ ಹಣ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಹಿಡಿದು ನಿಮ್ಮ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮಳೆಗಾಲಕ್ಕೆ ಮುಂಚೆಯೇ ಹೋಗಿ. ಯಾವ ಜಾತಿಗಳಿಗೆ ಅನ್ವಯ, ಈ ವರ್ಷ ಗಿಡಕ್ಕೆ ಎಷ್ಟು ಎಂಬುದನ್ನು ಅಲ್ಲೇ ಕೇಳಿ ಬರೆದುಕೊಳ್ಳಿ. ಗುಂಡಿ ತೋಡುವ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಸೇರಿಸಲು ಅವಕಾಶವಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಮುಂದೆ ಮರ ಕಡಿಯುವಾಗ ಕೆಲವು ಜಾತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ ಎಂಬುದು ನೆನಪಿರಲಿ.

ಗ್ಲಿರಿಸಿಡಿಯಾ ಕಡ್ಡಿಗೆ, ಅಗಸೆ ಬೀಜಕ್ಕೆ ಹಣ ಕೊಡಬೇಕಾಗಿಲ್ಲ. ನಿಮ್ಮ ಸಂಘದ ಯಾವುದಾದರೂ ಸದಸ್ಯರ ಬದುವಿನಲ್ಲಿ ಇದ್ದೇ ಇರುತ್ತದೆ. ಬೆಳಿಗ್ಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಕೇಳಿ ನೋಡಿ.

ಪರಿಸರಕ್ಕೆ ಇದರಿಂದ ಏನು?

ಹಸು ಮೆಲುಕು ಹಾಕುವಾಗ ಬಿಡುವ ಮೀಥೇನ್ ಭೂಮಿಯ ಬಿಸಿ ಹೆಚ್ಚಿಸುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದು ನಿಜ. ಆರು ಮರ ನೆಟ್ಟುಬಿಟ್ಟರೆ ಆ ಲೆಕ್ಕ ಚುಕ್ತಾ ಆಗುತ್ತದೆ ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಸೆಕೆಯಲ್ಲಿ ಬಳಲದೆ, ಒಳ್ಳೆಯ ಮೇವು ತಿಂದು, ವರ್ಷಕ್ಕೊಂದು ಕರು ಹಾಕುವ ಹಸು ಪ್ರತಿ ಲೀಟರ್ ಹಾಲಿಗೆ ಬಿಡುವ ಮೀಥೇನ್ ಕಡಿಮೆ. ಮರ ಅಷ್ಟರಮಟ್ಟಿಗೆ ಸಹಾಯ ಮಾಡುತ್ತದೆ.

ಉಳಿದ ಲಾಭಗಳು ಕಣ್ಣೆದುರೇ ಕಾಣುತ್ತವೆ. ಬದುವಿನ ಗಿಡಗಳ ಬೇರು ಮಳೆನೀರಿನ ಓಟವನ್ನು ತಡೆದು ಮಣ್ಣು ಹಿಡಿಯುತ್ತದೆ. ಗ್ಲಿರಿಸಿಡಿಯಾ, ಹೊಂಗೆಯ ಸೊಪ್ಪು ಗದ್ದೆ ಹೊಲಕ್ಕೆ ಬಿದ್ದರೆ ಯೂರಿಯಾ ಚೀಲ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಸವರಿದ ರೆಂಬೆ ಒಲೆಗೆ ಸೌದೆ. ಅದರಿಂದ ಬೆರಣಿಗೆ ಹೋಗುತ್ತಿದ್ದ ಸಗಣಿ ಹೊಲಕ್ಕೆ ಉಳಿಯುತ್ತದೆ. ಹೊಂಗೆ ಹೂ ಬಿಟ್ಟಾಗ ಜೇನು ಬರುತ್ತದೆ, ಮರವಿದ್ದಲ್ಲಿ ಗೊರವಂಕ ಕೂರುತ್ತದೆ.

ಮರ ದೊಡ್ಡದಾಗುವವರೆಗೆ ಈ ಬೇಸಿಗೆಯನ್ನೂ ದಾಟಬೇಕಲ್ಲ. ಅಲ್ಲಿಯವರೆಗೆ ಶೀಟಿನ ಮೇಲೆ ಸುಣ್ಣ ಬಳಿಯಿರಿ ಅಥವಾ ತೆಂಗಿನ ಗರಿ ಹೊದಿಸಿ, ಪಶ್ಚಿಮಕ್ಕೆ ನೆರಳುಬಲೆ ಅಥವಾ ಒದ್ದೆ ಗೋಣಿ ಕಟ್ಟಿ, ದಿನವಿಡೀ ತಣ್ಣನೆಯ ನೀರು ಹಸುವಿನ ಮುಂದಿರಲಿ, ಮೇವಿನ ಹೆಚ್ಚಿನ ಪಾಲನ್ನು ಬೆಳಗಿನ ಜಾವ ಮತ್ತು ರಾತ್ರಿಯ ತಂಪಿನಲ್ಲಿ ಹಾಕಿ.

ಈ ಲೇಖನ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಇಂದು ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ಕೇಳಿ: ‘ನಮ್ಮ ಮನೆಯಿಂದ ಮಾರ್ಚ್ ತಿಂಗಳಲ್ಲಿ ಎಷ್ಟು ಗಿಡಕ್ಕೆ ನೀರು ಹಾಕಲು ಆಗುತ್ತದೆ?’ ಎರಡು ಎಂದು ಉತ್ತರ ಬಂದರೆ ಎರಡೇ ನೆಡಿ. ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಏಪ್ರಿಲ್ ಮಧ್ಯಾಹ್ನ ಗಡಿಯಾರ ಹಿಡಿದು ಅದೇ ಕೊಟ್ಟಿಗೆಗೆ ಹೋಗಿ, ಹೊಂಗೆಯ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿರುವ ಹಸುವಿನ ಪಕ್ಕೆಯನ್ನು ಮತ್ತೆ ಎಣಿಸಿ. ಆ ಸಂಖ್ಯೆಯನ್ನು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿಡಿ.